ಕೆಂಪು ಗೀಟಿನ ಇಪ್ಪತ್ತಾರು ಕಾಯಿ

ಮೊದಲ ಕಾಯಿ ಒಡೆದಾಗ ಪುಟ್ಟಗಂಗಮ್ಮ ತನ್ನ ಕೈತಪ್ಪು ಅಂದುಕೊಂಡಳು. ಮೂರನೆಯದಕ್ಕೆ ಕತ್ತಿ ಕೆಳಗಿಟ್ಟಳು. ಉಂಡೆಯಾಗಿ ಬರಬೇಕಾದ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗಿತ್ತು. ಅಷ್ಟರಲ್ಲಿ ಉಳಿದ ಏಳು ಹೆಂಗಸರ ಮುಂದೆಯೂ ಅದೇ ಗೋಳು. ಎಲ್ಲವೂ ರಾಶಿಯ ಮೇಲಿನ ಕಾಯಿಗಳು—ಒಟ್ಟು ಇಪ್ಪತ್ತಾರು. ಪ್ರತಿ ಚಿಪ್ಪಿನ ಮೇಲೂ ಕೆಂಪು ಸೀಮೆಸುಣ್ಣದ ಗೀಟು, ಅಂದರೆ ಕಾಯಿ ನೋಡುವ ಗಿರಿಜಾಂಬಿಕೆಯ ಗುರುತು.

ತಿಪಟೂರಿನ ಆ ಕೊಬ್ಬರಿ ಸಂಘದಲ್ಲಿ ಕಾಯಿ ನೋಡುವ ಕೆಲಸಕ್ಕೆ ಹೆಂಗಸೊಬ್ಬಳು ಬಂದದ್ದು ಅದೇ ಮೊದಲು, ಎಪ್ಪತ್ತೆಂಟನೆಯ ಇಸವಿಯಲ್ಲಿ. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯನ್ನು ರೈತರು ಸುಲಿದು ತಂದರೆ, ಒಂದೊಂದನ್ನೂ ಕಿವಿಯ ಹತ್ತಿರ ಕುಲುಕಿ ನೋಡಬೇಕು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಗೀಟು ಎಳೆದು ಬಲಗಡೆ ರಾಶಿಗೆ, ಒಡೆಯಲು. ಇಲ್ಲವಾದರೆ ಎಡಗಡೆಗೆ, ಇನ್ನೂ ಒಣಗಲು. ಹಂದನಕೆರೆಯ ಅಜ್ಜಿಯ ಅಟ್ಟದಲ್ಲೇ ಬೆಳೆದ ಗಿರಿಜೆಗೆ ಇದು ನೀರು ಕುಡಿದಷ್ಟು ಸಲೀಸು. ಕಷ್ಟವೆಲ್ಲ ಅಲ್ಲಿದ್ದ ಹದಿನೇಳು ಗಂಡಸರಿಂದ. ಆರು ತಿಂಗಳಲ್ಲಿ ಅವಳ ಕುರ್ಚಿಗೆ ಮೂರು ಸಲ ಕಾಲು ಬಂದು ಅದು ಮಾಯವಾಗಿತ್ತು. ಕೆಲಸ ಕಾಯಂ ಆಗಲು ಇನ್ನು ಎರಡೇ ದಿನ ಉಳಿದಿತ್ತು.

“ಶೆಟ್ಟಿಕೆರೆ ಏಕಾಂತಯ್ಯನೋರು ತಂದ ಮಾಲು ಕಣ್ರೀ ಇದು. ಅವರಿಗೇನು ಹೇಳ್ಲಿ?” ಕಾರ್ಯದರ್ಶಿ ಸದಾಶಿವಯ್ಯನವರು ಕನ್ನಡಕ ತೆಗೆದರು.

“ನಾನು ಎಡಕ್ಕೆ ಹಾಕಿದ್ದ ಕಾಯಿ ಸಾರ್ ಇವು,” ಎಂದಳು ಗಿರಿಜೆ.

“ಗುರುತು ನಿಮ್ಮದಲ್ವಾ?”

“ಸುಣ್ಣ ನನ್ನದು. ಗೀಟು ನನ್ನದಲ್ಲ.”

“ಹಂಗಾದ್ರೆ ಯಾರದು? ಸಂಜೆ ನಾಲ್ಕಕ್ಕೆ ಕಮಿಟಿ ಸೇರ್ತದೆ. ಅಷ್ಟರೊಳಗೆ ಹೇಳಿ. ಇಲ್ಲಾಂದ್ರೆ ನಿಮ್ಮನ್ನ ಉಳಿಸ್ಕೊಳ್ಳೋದು ನನ್ನ ಕೈಲಿಲ್ಲ.”

ಎಲ್ಲರ ಕಣ್ಣೂ ಕಾವಲುಗಾರ ಈರಣ್ಣನ ಮೇಲೆ. ಅವನ ಅಕ್ಕನ ಮಗ ಇದೇ ಕೆಲಸಕ್ಕೆ ಅರ್ಜಿ ಹಾಕಿದ್ದ. ಗಿರಿಜೆ ನೇರ ಅವನ ಹತ್ತಿರವೇ ಹೋದಳು.

“ನಿನ್ನೆ ಬೀಗ ಹಾಕಿದ್ದು ಎಷ್ಟೊತ್ತಿಗೆ ಈರಣ್ಣ?”

“ಆರೂವರೆಗೆ ಕಣ್ರವ್ವ. ನಂಜುಂಡಪ್ಪನೋರು ಹೋದ ಮ್ಯಾಲೆ.”

“ನಿಮ್ಮ ಅಕ್ಕನ ಮಗ ಈ ಕಡೆ ಬಂದಿದ್ನಾ?”

“ಅವನಾ? ಅವನಿಗೆ ತೆಂಗಿನಕಾಯಿಗೂ ಕುಂಬಳಕಾಯಿಗೂ ವ್ಯತ್ಯಾಸ ಗೊತ್ತಿಲ್ಲ ಬುಡಿ.”

“ನಂಜುಂಡಪ್ಪನೋರು ಅಷ್ಟು ಹೊತ್ತು ಏನು ಮಾಡ್ತಿದ್ರು?”

“ನಿಮ್ಮ ರಾಶಿ ತಾವ ಕುಂತಿದ್ರು. ಬಾಗಿಲಿಂದ ಮೂರು ಸಲ ಕೂಗ್ದೆ, ತಿರುಗಿ ನೋಡ್ಲಿಲ್ಲ. ಭುಜ ಮುಟ್ಟಿದ್ರೆ ಬೆಚ್ಚಿಬಿದ್ರು. ವಯಸ್ಸಾದೋರು, ಏನೋ ಯೋಚ್ನೆ.”

ನಲವತ್ತು ವರ್ಷದಿಂದ ಕಾಯಿ ನೋಡಿ ಇದ್ದಿಲ ಗೀಟು ಎಳೆಯುತ್ತಿದ್ದ ಹಿರಿಯರು ನಂಜುಂಡಪ್ಪ. ಗಿರಿಜೆ ಬಂದ ಮೊದಲ ದಿನ ಉಳಿದವರು ಕಿಸಿಕಿಸಿ ನಗುತ್ತಿದ್ದಾಗ, ತಮ್ಮ ಪಕ್ಕದಲ್ಲಿ ಗೋಣಿಚೀಲ ಹಾಸಿ “ಇಲ್ಲಿ ಕೂತ್ಕೊ ಮಗಳೇ” ಎಂದವರು ಅವರೊಬ್ಬರೇ. ಅಂಥವರು ತನ್ನ ಅನ್ನಕ್ಕೆ ಕಲ್ಲು ಹಾಕುತ್ತಾರೆಯೇ?

ಅವಳು ಒಡೆದ ಚೂರುಗಳ ಮುಂದೆ ಕುಳಿತಳು. ಒಂದೊಂದನ್ನೂ ಎತ್ತಿ ತಿರುಗಿಸಿದಳು. ಇಪ್ಪತ್ತಾರರಲ್ಲೂ ಕಂಡದ್ದು ಒಂದೇ. ಎದ್ದು ಹಿತ್ತಲಿಗೆ ನಡೆದಳು.

ನಂಜುಂಡಪ್ಪ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಬೆನ್ನ ಹಿಂದೆ ನಿಂತು ಅವಳು “ಯಜಮಾನ್ರೇ” ಎಂದಳು. ಅವರು ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಆಮೇಲೆ ಎದುರಿಗೆ ಬಂದು ಕುಳಿತಳು.

“ಎಷ್ಟು ದಿನದಿಂದ ಕಿವಿ ಕೇಳ್ತಿಲ್ಲ?”

ಅವರು ಅವಳ ತುಟಿಯನ್ನೇ ನೋಡಿದರು. ಕೈಯ ತುತ್ತು ಕೆಳಗಿಳಿಯಿತು.

“ಎರಡು ವರ್ಷ ಆಯ್ತು ಕಣಮ್ಮ.”

“ನನ್ನ ರಾಶಿಗೆ ಯಾಕೆ ಕೈ ಹಾಕಿದ್ರಿ?”

“ಎಡಗಡೆ ಬಹಳ ಕಾಯಿ ಬಿದ್ದಿತ್ತು. ಹುಡುಗಿ ಹೆದರಿ ಎಲ್ಲಾನೂ ತಳ್ತಾಳೆ ಅಂತ ಕಮಿಟಿಯೋರು ಆಡ್ಕೋತಿದ್ರು. ಒಳ್ಳೇವು ಅನ್ಸಿದ್ದನ್ನ ಆರಿಸಿ ಬಲಕ್ಕೆ ಹಾಕಿ ನಿನ್ನ ಗೀಟೇ ಎಳೆದೆ. ನಿನ್ನ ಕೆಲಸ ಉಳೀಲಿ ಅಂತ.”

ಗಿರಿಜೆಗೆ ಕೋಪವೂ ಅಳುವೂ ಒಟ್ಟಿಗೇ ಬಂತು. ಅವಳು ಎದ್ದು ಹೋದಳು.

ನಾಲ್ಕು ಗಂಟೆಗೆ ಕಮಿಟಿ ಸೇರಿತು. ಬಾಗಿಲಲ್ಲಿ ಹೆಂಗಸರು, ಗೋಡೆಯ ಪಕ್ಕ ನಂಜುಂಡಪ್ಪ. ಗಿರಿಜೆ ಚೂರುಗಳನ್ನು ಮೇಜಿನ ಮೇಲಿಟ್ಟಳು.

“ನನ್ನ ಮೇಲಿನ ದ್ವೇಷಕ್ಕೆ ಮಾಡಿದ್ದಾದ್ರೆ ನೀರು ತುಳುಕೋ ಕಾಯನ್ನ ಬಾಚಿ ಬಾಚಿ ಹಾಕ್ತಿದ್ರು. ಇವುಗಳಲ್ಲಿ ಒಂದರಲ್ಲೂ ನೀರಿಲ್ಲ. ಕೊಬ್ಬರಿ ಮುಕ್ಕಾಲು ಬಿಟ್ಟಿದೆ, ಒಂದು ಮಗ್ಗುಲು ಮಾತ್ರ ಚಿಪ್ಪು ಹಿಡಿದಿದೆ. ಎಲ್ಲದರಲ್ಲೂ ಹಾಗೇ.”

“ಅದರಿಂದ?” ಸದಾಶಿವಯ್ಯನವರು ಕೇಳಿದರು.

“ಇಂಥ ಕಾಯಿ ಕುಲುಕಿದ್ರೆ ಒಳಗಿನ ಅಲುಗಾಟ ಕೈಗೆ ತಾಗ್ತದೆ, ಪೂರ್ತಿ ಒಣಗಿದ ಕಾಯಿ ಥರಾನೇ. ದನಿ ಮಾತ್ರ ಮಂಕು. ಅದು ಕಿವಿಗೆ ಬಿಟ್ರೆ ಇನ್ಯಾವುದಕ್ಕೂ ತಿಳಿಯಲ್ಲ. ಇವನ್ನ ಆರಿಸಿದೋರು ಕೆಲಸ ಚೆನ್ನಾಗಿ ಬಲ್ಲೋರು ಸಾರ್. ಆದ್ರೆ ಅವರು ನೋಡಿದ್ದು ಕೈಯಲ್ಲಿ.”

“ಯಾರು?”

ಅವಳು ಮೇಜಿನ ಮೇಲಿನ ಚೂರುಗಳನ್ನು ಒಟ್ಟುಮಾಡತೊಡಗಿದಳು.

“ಹೆಸರು ಹೇಳದಿದ್ರೆ ನಿಮ್ಮ ಕೆಲಸ ಹೋಗ್ತದೆ ಗಿರಿಜಮ್ಮ.”

“ಗೊತ್ತು ಸಾರ್.”

ಸದಾಶಿವಯ್ಯನವರ ತುಟಿಯನ್ನೇ ನೋಡುತ್ತಿದ್ದ ನಂಜುಂಡಪ್ಪ ಗೋಡೆಯ ಪಕ್ಕದಿಂದ ಎದ್ದರು. “ಹೇಳಮ್ಮ. ನಾನಾಗೇ ಹೇಳಿದ್ರೆ, ಮುದುಕ ಹುಡುಗೀನ ಉಳಿಸೋಕೆ ಸುಳ್ಳಾಡ್ತಾನೆ ಅಂತಾರೆ. ಪತ್ತೆ ಮಾಡಿದೋಳು ನೀನು. ನಿನ್ನ ಬಾಯಲ್ಲೇ ಬರಲಿ.”

“ನಂಜುಂಡಪ್ಪನೋರು,” ಎಂದಳು ಗಿರಿಜೆ. “ಅವರಿಗೆ ಎರಡು ವರ್ಷದಿಂದ ಕಿವಿ ಕೇಳಲ್ಲ. ಮಾಡಿದ್ದು ನನ್ನ ಒಳ್ಳೇದಕ್ಕೆ.”

ಸದಾಶಿವಯ್ಯನವರಿಗೆ ನಂಬಿಕೆಯಾಗಲಿಲ್ಲ. “ಎರಡು ವರ್ಷದಲ್ಲಿ ಇವರು ಆರಿಸಿದ ಒಂದು ಕಾಯೂ ಕೆಟ್ಟಿಲ್ವಲ್ರೀ?”

“ಕೆಡಕ್ಕೆ ನಾವು ಬಿಟ್ರೆ ತಾನೆ ಸ್ವಾಮಿ,” ಬಾಗಿಲಿಂದ ಪುಟ್ಟಗಂಗಮ್ಮ ಅಂದಳು. “ಅವರ ಇದ್ದಿಲ ಗೀಟು ಇರೋ ಕಾಯನ್ನ ಒಂದೊಂದೂ ಕುಲುಕಿ ನೋಡ್ಕಂಡೇ ಒಡೀತಿದ್ದೊ. ದನಿ ಸರಿಯಿಲ್ದಿದ್ರೆ ಸುಮ್ಕೆ ಎಡಗಡೆ ಇಡ್ತಿದ್ದೊ. ವಯಸ್ಸಾದೋರ ಮರ್ಯಾದೆ ಯಾಕೆ ಕಳೀಬೇಕು?”

“ಮತ್ತೆ ಇವತ್ತು ಯಾಕೆ ಕುಲುಕಲಿಲ್ಲ?”

ಇದೇನು ಕೇಳುವ ಮಾತೇ ಎಂಬಂತೆ ಅವಳು ನೋಡಿದಳು. “ಕೆಂಪು ಗೀಟಿತ್ತಲ್ಲ. ಗಿರಿಜವ್ವ ನೋಡಿದ್ದ ಕಾಯನ್ನ ನಾವ್ಯಾಕೆ ಇನ್ನೊಂದ್ಸಲ ನೋಡನ?”

ಕಮಿಟಿಯವರು ಮುಖ ಮುಖ ನೋಡಿಕೊಂಡರು. ಸದಾಶಿವಯ್ಯನವರು ಪೆನ್ನು ತೆಗೆದರು. “ನಾಳೆಯಿಂದ ನಂಜುಂಡಪ್ಪನೋರು ತೂಕದ ಕಡೆ ಕೂತ್ಕೊಳ್ಳಲಿ. ಕಾಯಿ ಗಿರಿಜಮ್ಮನೋರೇ ನೋಡ್ತಾರೆ. ಕಾಯಂ ಆರ್ಡರು ಇವತ್ತೇ ಟೈಪ್ ಆಗಲಿ.”

ಪುಟ್ಟಗಂಗಮ್ಮ ನಿಂತಿದ್ದು ನಂಜುಂಡಪ್ಪನವರ ಬೆನ್ನ ಹಿಂದೆ. ಅವರಿಗೆ ಅವಳ ಒಂದು ಮಾತೂ ತಿಳಿದಿರಲಿಲ್ಲ.

“ಏನಂದ್ಲಮ್ಮ ಅವಳು?”

ಗಿರಿಜೆ ಎದುರಿಗೆ ಬಂದು, ತುಟಿ ಕಾಣುವಂತೆ, ಆ ಹೆಂಗಸರು ಎರಡು ವರ್ಷ ಮಾಡಿದ್ದನ್ನು ನಿಧಾನವಾಗಿ ಹೇಳಿದಳು. ಅವರು ಬಾಗಿಲ ಕಡೆ ತಿರುಗಿ ಕೈ ಮುಗಿದರು. ಉಳಿದರ್ಧವನ್ನು, ತನ್ನ ಗೀಟಿದ್ದರೆ ಹೆಂಗಸರು ಕುಲುಕಿ ನೋಡುವುದೇ ಇಲ್ಲವೆಂಬುದನ್ನು, ಹೇಳಲು ಅವಳಿಂದ ಆಗಲಿಲ್ಲ. ಅದನ್ನು ಸದಾಶಿವಯ್ಯನವರೇ ಕುರ್ಚಿ ಬಿಟ್ಟು ಎದ್ದುಬಂದು, ನಂಜುಂಡಪ್ಪನವರ ಮುಂದೆ ನಿಂತು ಹೇಳಿದರು.