ವಾಪಸ್ ಬಂದ ಖಾಲಿ ಸೀಸೆಗಳು

2003ರ ಸೆಪ್ಟೆಂಬರ್ 18, ಗುರುವಾರ. ಬೆಳಿಗ್ಗೆ 10.20ಕ್ಕೆ ಜಯನಗರದ ಠಾಣೆಗೆ ದೂರು ಹೊತ್ತು ಬಂದವರು ಹತ್ತಿರದ ಟ್ರಸ್ಟ್ ಆಸ್ಪತ್ರೆಯೊಂದರ ಆಡಳಿತಾಧಿಕಾರಿ ಚಕ್ರಪಾಣಿ. ಔಷಧಾಲಯದ ಫ್ರಿಡ್ಜಿನಿಂದ ಕ್ಯಾನ್ಸರ್ ಇಂಜೆಕ್ಷನ್ನಿನ ಹತ್ತು ಸೀಸೆ ಕಾಣೆಯಾಗಿದ್ದವು. ಇನ್‌ಸ್ಪೆಕ್ಟರ್ ಗಂಗಾಧರಯ್ಯ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ವೇಣುವಿನೊಂದಿಗೆ ಹೊರಟರು.

ಫ್ರಿಡ್ಜಿನ ಬೀಗ ಮುರಿದಿರಲಿಲ್ಲ. ಗಂಗಾಧರಯ್ಯ ಒಂದು ಸೀಸೆ ಎತ್ತಿ ನೋಡಿದರು.

"ಬಡ ರೋಗಿಗಳಿಗೆ ಅಂತ ಮುದ್ರೆ ಇದೆಯಲ್ರೀ?"

"ಧರ್ಮದಾಸ್ಪತ್ರೆ ಅಂತ ಕಂಪನಿಯವ್ರು ಅರ್ಧ ರೇಟಿಗೆ ಕೊಡ್ತಾರೆ ಸಾರ್," ಎಂದರು ಚಕ್ರಪಾಣಿ.

"ಬಡವರಿಗೆ ಫ್ರೀನಾ?"

"ಮೊದ್ಲು ಹಳದಿ ರೇಷನ್ ಕಾರ್ಡ್ ತೋರ್ಸಿದ್ರೆ ಫ್ರೀ. ಜೂನ್‌ನಿಂದ ತಹಸೀಲ್ದಾರ್ ಕೊಟ್ಟ ವರಮಾನ ಪತ್ರಾನೂ ಬೇಕು. ಉಳಿದಿದ್ದು ಸ್ಪೆಷಲ್ ವಾರ್ಡಿಗೆ."

"ಯಾವ ರೇಟಿಗೆ?"

"ಪೂರ್ತಿ ರೇಟಿಗೆ ಸಾರ್."

"ಬೇಲಿನೇ ಎದ್ದು ಹೊಲ ಮೇಯ್ತಿದೆ," ಎಂದು ವೇಣು ಗೊಣಗಿದ. ನಿಜವೇ. ಆದರೆ ಅದರ ಮೇಲೆ ದೂರು ಕೊಟ್ಟವರು ಯಾರೂ ಇರಲಿಲ್ಲ. ಹತ್ತು ಸೀಸೆಯ ಮೇಲೆ ಮಾತ್ರ ಇತ್ತು.

ಆ ಆಸ್ಪತ್ರೆಯಲ್ಲೊಂದು ಪದ್ಧತಿ. ರೋಗಿಯ ಹೆಸರು, ತಾರೀಖು ಬರೆದ ಪಟ್ಟಿ ಅಂಟಿಸಿದ ಖಾಲಿ ಸೀಸೆ ಟ್ರೇಗೆ ವಾಪಸ್ ಬಂದರೇ ಮುಂದಿನದು ಸಿಗುವುದು. ವೇಣು ಟ್ರೇ ಎಣಿಸಿದ. ರಿಜಿಸ್ಟರಿನಂತೆ ಈ ತಿಂಗಳು ಕೊಟ್ಟದ್ದು ಒಂಬತ್ತು, ವಾಪಸ್ ಬಂದಿದ್ದು ಹದಿನೈದು!

"ಕದ್ದೋರು ಖಾಲಿ ಸೀಸೆ ತಂದಿಡ್ತಾರಾ ಸಾರ್?"

"ಅಭ್ಯಾಸ ಇದ್ದೋರು ಇಡ್ತಾರೆ."

ಹೆಚ್ಚಿನ ಆರು ಸೀಸೆಗಳ ಮೇಲೂ ಒಂದೇ ದುಂಡು ಕೈಬರಹ. ಅದು ಹತ್ತೊಂಬತ್ತು ವರ್ಷದಿಂದ ಜನರಲ್ ವಾರ್ಡ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಲತಾಮಣಿಯದು. ಗಂಗಾಧರಯ್ಯ ಅವಳನ್ನು ಕರೆಸಿದರು.

"ಈ ಆರು ಜನರ ಹತ್ರ ವರಮಾನ ಪತ್ರ ಇತ್ತಾ?"

"ಇಲ್ಲ ಸಾರ್."

"ಮತ್ತೆ ಔಷಧಿ?"

"ರಾತ್ರಿ ಪಾಳೀಲಿ ಫ್ರಿಡ್ಜಿನ ಬೀಗದ ಕೈ ನನ್ ಹತ್ರಾನೇ ಇರುತ್ತೆ, ನಾನೇ ತಗೊಂಡೆ. ಇನ್ನೂ ನಾಲ್ಕು ವಾರ್ಡ್ ಫ್ರಿಡ್ಜಲ್ಲಿದೆ. ಒಂದು ಸಾರಕ್ಕಿ ಸೊಣ್ಣಮ್ಮಂಗೆ, ನಾಳೆ ನಾಲ್ಕನೇ ಸೂಜಿ. ತಪ್ಪಿದ್ರೆ ಹಿಂದಿನ ಮೂರೂ ನೀರಲ್ಲಿ ಹೋಮ ಸಾರ್. ದಮ್ಮಯ್ಯ, ಅದೊಂದನ್ನ ಬಿಡಿ!"

ಗಂಗಾಧರಯ್ಯ 3.40ಕ್ಕೆ ಪಂಚರ ಮುಂದೆ ಮಹಜರು ಮಾಡಿ ನಾಲ್ಕನ್ನೂ ಜಪ್ತಿ ಮಾಡಿದರು. ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿಟ್ಟು ಮೊಹರು ಹಾಕಿದ್ದಾಯಿತು. ಕೋರ್ಟು ಬಿಟ್ಟುಕೊಟ್ಟರೂ ಮಾಲು ಸೇರುವುದು ಚಕ್ರಪಾಣಿಯ ಫ್ರಿಡ್ಜಿಗೇ.

"ನಿಮ್ ಸ್ಟಾಕಿಂದ ಒಂದು ಡೋಸ್ ಆ ಸೊಣ್ಣಮ್ಮಂಗೆ ಕೊಟ್ಬಿಡಿ ಚಕ್ರಪಾಣಿ."

"ರೂಲ್ಸ್ ಇದೆಯಲ್ಲ ಸಾರ್. ಪತ್ರ ತರ್ಲಿ, ಕೊಡ್ತೀವಿ."

ಸಂಜೆ 4.30ಕ್ಕೆ ಮಹಿಳಾ ಪೇದೆ ಲತಾಮಣಿಯನ್ನು ದಸ್ತಗಿರಿ ಮಾಡಿದಳು. ಹೇಳಿಕೆಯಲ್ಲಿ ಅವಳು ಹೇಳಿದ್ದಿಷ್ಟು:

"ಜೂನಲ್ಲಿ ಪಾರ್ವತಮ್ಮ ಅನ್ನೋರು ಪತ್ರ ಇಲ್ದೆ ಬಂದ್ರು. ರೂಲ್ಸು ಅಂತ ವಾಪಸ್ ಕಳ್ಸಿದ್ದು ನಾನೇ ಸಾರ್, ಬೇರೆ ಯಾರೂ ಅಲ್ಲ. ಆಗಸ್ಟಲ್ಲಿ ಅವರ ಯಜಮಾನ್ರು ಬಂದ್ರು. ಹಳದಿ ಕಾರ್ಡಿಂದ ಅವಳ ಹೆಸರು ತೆಗೆಸ್ಬೇಕು, ಡಾಕ್ಟ್ರ ಹತ್ರ ಒಂದು ಚೀಟಿ ಬರೆಸಿಕೊಡಮ್ಮ ಅಂದ್ರು. ಬೈಯಲೂ ಇಲ್ಲ ಸಾರ್, ಕೈ ಮುಗಿದು ಹೋದ್ರು."

ಶುಕ್ರವಾರ ಬೆಳಿಗ್ಗೆ 9.10. ಲತಾಮಣಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು ಜೀಪು ಸಿದ್ಧವಾಗಿತ್ತು. ತಲೆಗೆ ಸೆರಗು ಬಿಗಿದುಕೊಂಡಿದ್ದ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲ ಹತ್ತಿರ ನಿಂತು, ತನ್ನ ಹೆಸರು ಸೊಣ್ಣಮ್ಮ ಎಂದಳು.

"ಸಿಸ್ಟರ್ ಇಲ್ಲಿಗೆ ಬಂದವ್ರಂತೆ," ಎನ್ನುತ್ತ ಅವಳು ರವಿಕೆಯ ತೋಳನ್ನು ಮೇಲೆ ಸರಿಸಿದಳು. "ಸೂಜಿ ಇಲ್ಲೇ ಆಕ್ತಾರಾ ಸಾರ್?"