ಮೂರು ಇಂಚು ಜಾಸ್ತಿ

"ಹಿಡ್ಕೊಳ್ಳೋ ವೆಂಕಟ್! ಹಿಡ್ಕೊಳ್ಳೋ!"

ಕೂಗು ಮೊದಲು ಬಂತು. ಹಿಂದೆಯೇ ಗಿಳಿಹಸಿರು ಬಣ್ಣದ ಸೈಕಲ್ ಬಂತು. ಅದರ ಮೇಲೆ ಅನಿತ ಇದ್ದಳು.

ಶಾಲೆಯ ಗೇಟಿನ ಹತ್ತಿರ ಕಾಯುತ್ತಿದ್ದ ವೆಂಕಟ್ ಎರಡೂ ಕೈ ಅಗಲಿಸಿ ದಾರಿಗೆ ಅಡ್ಡ ನಿಂತ. ಸೈಕಲ್ ಹತ್ತಿರ ಬಂದ ಕೂಡಲೇ ಹ್ಯಾಂಡಲನ್ನು ಗಬಕ್ಕನೆ ಹಿಡಿದ. ಅನಿತ ಬ್ರೇಕ್ ಒತ್ತಿ, ಅವನ ಹೆಗಲ ಮೇಲೆ ಒಂದು ಕೈ ಊರಿ, ಮರದಿಂದ ಇಳಿಯುವ ಹಾಗೆ ನೆಲಕ್ಕೆ ಇಳಿದಳು.

"ಇವತ್ತಿಗೆ ಇಪ್ಪತ್ತು ದಿನ ಆಯ್ತು ಕಣೇ," ಎಂದ ವೆಂಕಟ್. "ವಿಮಾನ ಇಳಿಸೋರಿಗೂ ಸಂಬಳ ಕೊಡ್ತಾರೆ. ನಂಗೆ ಏನೂ ಇಲ್ಲ."

"ನಿನ್ನೆ ಕಡ್ಲೆಮಿಠಾಯಿ ಕೊಟ್ನಲ್ಲೋ!"

"ಅರ್ಧ ಕೊಟ್ಟೆ. ಅದ್ರಲ್ಲೂ ನಿನ್ ಹಲ್ಲಿನ ಗುರುತಿತ್ತು."

ಇಬ್ಬರೂ ಕ್ಯಾಲನೂರಿನ ಶಾಲೆಯಲ್ಲಿ ಆರನೇ ಕ್ಲಾಸು. ಅನಿತಳ ಗುಟ್ಟು ಶಾಲೆಯಲ್ಲಿ ಗೊತ್ತಿದ್ದದ್ದು ವೆಂಕಟ್‌ಗೆ ಮಾತ್ರ. ಗುಟ್ಟು ಇಷ್ಟೇ: ಹೊಸ ಸೈಕಲ್ ಮೇಲೆ ಕೂತರೆ ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಬೆರಳ ತುದಿಯೂ ಎಟುಕುತ್ತಿರಲಿಲ್ಲ.

ಅಂಗಡಿಯಲ್ಲಿ ಕೊಂಡ ಸೈಕಲ್ ಆಗಿದ್ದರೆ ವಾಪಸ್ ಕೊಡಬಹುದಿತ್ತು. ಇದನ್ನು ಅಪ್ಪನೇ ಮಾಡಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಅನಿತಳ ಅಪ್ಪ ಅಮರನಾಥ್‌ಗೆ ಅದೊಂದು ಹುಚ್ಚು. ಬೇರೆಯವರ ಅಪ್ಪಂದಿರು ಭಾನುವಾರ ಕೋಳಿ ತಂದರೆ, ಇವನು ಕೋಲಾರದ ಗುಜರಿ ಅಂಗಡಿಯಿಂದ ಸೈಕಲ್ಲಿನ ಅಸ್ಥಿಪಂಜರ ತರುತ್ತಿದ್ದ. ಚಕ್ರವಿಲ್ಲ, ಚೈನಿಲ್ಲ, ಬರೀ ಫ್ರೇಮು. ಅದನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿ, ಕೊಯ್ದು, ಅರದಿಂದ ಉಜ್ಜಿ, ಬೇರೆ ಪೈಪು ಸೇರಿಸಿ, ವೆಲ್ಡಿಂಗ್ ಮಾಡಿ ಹೊಸ ಆಕಾರ ಕೊಡುತ್ತಿದ್ದ. ದುಡ್ಡಿಗಲ್ಲ, ಯಾರೋ ಹೇಳಿದರೆಂದೂ ಅಲ್ಲ. ಅವನಿಗೆ ಅದರಲ್ಲೇ ಸಂತೋಷ.

ಅವನು ವೆಲ್ಡಿಂಗ್ ಶುರು ಮಾಡಿದರೆ ಅಕ್ಕಪಕ್ಕದ ಮನೆಗಳ ಲೈಟು ಮಂಕಾಗುತ್ತಿತ್ತು. ಆಗ ಗೋಡೆಯಾಚೆಯಿಂದ ಶ್ಯಾಮಲಮ್ಮನ ದನಿ ತಪ್ಪದೆ ಬರುತ್ತಿತ್ತು. "ಅಮರಾ! ಸೀರಿಯಲ್‌ನಲ್ಲಿ ಅತ್ತೆ ಬಾಯಿ ತೆಗೆದಾಗ್ಲೇ ನಿಂದು ಶುರುವಾಗ್ಬೇಕೇನಪ್ಪಾ?"

ಮಾಡಿದ್ದೆಲ್ಲ ಸರಿಹೋಗುತ್ತಿತ್ತು ಎಂದೇನಿಲ್ಲ. ಹಾಲಿನ ಕ್ಯಾನು ನಡುವೆ ಕೂರಲಿ ಎಂದು ಒಂದು ಉದ್ದನೆಯ ಸೈಕಲ್ ಮಾಡಿದ್ದ. ಕ್ಯಾನು ಚೆನ್ನಾಗಿಯೇ ಕೂತಿತು. ಆದರೆ ಓಣಿಯ ತಿರುವಿನಲ್ಲಿ ಸೈಕಲ್ ತಿರುಗಲೇ ಇಲ್ಲ. ಇಳಿದು, ಹಿಂದಿನ ಚಕ್ರ ಎತ್ತಿ ಪಕ್ಕಕ್ಕಿಟ್ಟು, ಮತ್ತೆ ಹತ್ತಬೇಕಾಗಿತ್ತು. ಮಂಡಿನೋವಿನ ಶ್ರೀರಾಮಪ್ಪತಾತನಿಗೆ ತಗ್ಗಿನ ಫ್ರೇಮಿನ ಸೈಕಲ್ ಮಾಡಿಕೊಟ್ಟಿದ್ದ. ಅದು ಮಾತ್ರ ಬಹಳ ಚೆನ್ನಾಗಿತ್ತು. ತಾತ ಅದರಲ್ಲೇ ದಿನಾ ಡೇರಿಗೆ ಹಾಲು ತರುತ್ತಿದ್ದ.

ಆ ಡೇರಿಯಲ್ಲೇ ಅಪ್ಪನ ಕೆಲಸ. ಹಾಲು ಪರೀಕ್ಷೆ ಮಾಡಿ ಫ್ಯಾಟ್ ಎಷ್ಟಿದೆ ಎಂದು ಬರೆಯುವುದು. ಮೂರು ಪಾಯಿಂಟ್ ಎಂಟು ಎಂದರೆ ಮೂರು ಪಾಯಿಂಟ್ ಎಂಟೇ. ಸ್ವಂತ ಅತ್ತೆ ಹಾಲು ತಂದರೂ ಮೂರು ಪಾಯಿಂಟ್ ಒಂಬತ್ತು ಬರೆಯುವವನಲ್ಲ. ಅನಿತಳ ಸೈಕಲ್ಲಿಗೂ ಅವನು ಅಷ್ಟೇ ಕರಾರುವಾಕ್ಕಾಗಿ ಅಳತೆ ತೆಗೆದ. ಕೊಟ್ಟಿಗೆಯ ಕಂಬಕ್ಕೆ ಅವಳನ್ನು ಒರಗಿಸಿ ನಿಲ್ಲಿಸಿ, ಹಿಮ್ಮಡಿಯಿಂದ ಸೊಂಟದವರೆಗೆ, ಸೊಂಟದಿಂದ ತಲೆಯವರೆಗೆ ಟೇಪು ಹಿಡಿದ. ಕಂಬದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ.

ಅಷ್ಟರಲ್ಲಿ ಅಜ್ಜಿ ಗುಂಡಮ್ಮ ಬಂದಳು.

"ಎಷ್ಟಿಡ್ತಿದ್ದೀಯೋ?"

"ಅಳತೆ ಎಷ್ಟಿದ್ಯೋ ಅಷ್ಟೇ ಅಮ್ಮಾ."

"ಚೆನ್ನಾಗಿದೆ! ಪೆರಿಗೇ ಬಿಡ್ಡ ಕಣೋ, ಬೆಳೆಯೋ ಮಗು. ಮೂರಿಂಚು ಜಾಸ್ತಿ ಇಡು."

ಆ ಮನೆಯಲ್ಲಿ ಎಲ್ಲವೂ ಹಾಗೇ. ಅನಿತಳ ಸ್ಕೂಲ್ ಲಂಗವನ್ನು ಉದ್ದ ಹೊಲಿಸಿ ಕೆಳಗೆ ಮೂರಿಂಚು ಮಡಿಚಿರುತ್ತಿದ್ದರು. ಶೂ ತಂದರೆ ತುದಿಗೆ ಹತ್ತಿ ತುರುಕುತ್ತಿದ್ದರು. ಸ್ವೆಟರಿನ ತೋಳಿನೊಳಗೆ ಅವಳ ಕೈ ಇದೆಯೋ ಇಲ್ಲವೋ ಎಂದು ಹುಡುಕಬೇಕಾಗಿತ್ತು. ಲಂಗವನ್ನು ಮಡಿಚಬಹುದು, ಕಬ್ಬಿಣದ ಪೈಪನ್ನು ಮಡಿಚಲು ಆಗುವುದಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಇಡೀ ಊರಿನ ಹಾಲನ್ನು ಪಾಯಿಂಟ್ ಲೆಕ್ಕದಲ್ಲಿ ಅಳೆಯುವ ಅಪ್ಪ, ಅಜ್ಜಿಯ ಮಾತಿಗೆ ಮೂರಿಂಚು ಜಾಸ್ತಿ ಇಟ್ಟುಬಿಟ್ಟ.

ಸೈಕಲ್ ಸಿದ್ಧವಾದ ದಿನ ಅಪ್ಪ ನಿದ್ದೆಯನ್ನೇ ಮಾಡಿರಲಿಲ್ಲ. ಗಿಳಿಹಸಿರು ಪೇಂಟು, ಪೈಪಿನ ಮೇಲೆ ಬಿಳಿ ಅಕ್ಷರದಲ್ಲಿ 'ಅನಿತ'. ಅಕ್ಷರದ ಪಕ್ಕದಲ್ಲಿ ಒಂದು ಹೂವು ಬೇರೆ. ಹೂವು ಸ್ವಲ್ಪ ಎಲೆಕೋಸಿನ ಹಾಗಿತ್ತು, ಇರಲಿ. ಅವಳನ್ನು ಎತ್ತಿ ಸೀಟಿನ ಮೇಲೆ ಕೂರಿಸಿ, ಹಿಂದೆ ಹಿಡಿದುಕೊಂಡು ಕೇಳಿದ. "ಹೆಂಗಿದ್ಯಮ್ಮಾ?"

ಅನಿತ ಕೆಳಗೆ ನೋಡಿದಳು. ನೆಲ ಬಹಳ ದೂರವಿತ್ತು. ಸೀಟನ್ನು ಇಳಿಸೋಣವೆಂದರೆ ಅದು ಆಗಲೇ ಪೂರ್ತಿ ಇಳಿದು ಪೈಪಿನ ಮೇಲೇ ಕೂತಿತ್ತು. ತಿರುಗಿ ಅಪ್ಪನ ಮುಖ ನೋಡಿದಳು. ಆ ಮುಖ ನೋಡಿದ ಮೇಲೆ 'ಎಟುಕಲ್ಲ' ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಸೂಪರ್ ಅಪ್ಪಾ. ಕರೆಕ್ಟಾಗಿದೆ."

ಅವತ್ತಿನಿಂದ ಶುರುವಾಯಿತು ಪಾಡು. ಬೆಳಿಗ್ಗೆ ಅಪ್ಪ ಡೇರಿಯಲ್ಲಿ ಇರುವಾಗ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಸೈಕಲ್ ಹತ್ತುತ್ತಿದ್ದಳು. ಶಾಲೆಯಲ್ಲಿ ಹಿಡಿಯಲು ವೆಂಕಟ್ ಇದ್ದ. ಸಂಜೆ ಇಳಿಯಲು ಶ್ರೀರಾಮಪ್ಪತಾತನ ರಾಗಿಹುಲ್ಲಿನ ಮೆದೆ ಇತ್ತು. ಮೆಲ್ಲಗೆ ಬಂದು ಮೆದೆಗೆ ಗುದ್ದುವುದು, ಜಾರಿ ಇಳಿಯುವುದು, ಕೂದಲಿನ ಹುಲ್ಲು ಕೊಡವಿಕೊಂಡು ಮನೆಗೆ ನಡೆಯುವುದು. ಒಮ್ಮೆ ಹಾರಿ ಇಳಿಯಲು ಹೋಗಿ ಎರಡೂ ಮಂಡಿ ತರಚಿಕೊಂಡಿದ್ದಳು. ಮನೆಯಲ್ಲಿ ಖೋಖೋ ಎಂದು ಹೇಳಿದ್ದಳು.

"ನನ್ ಮೆದೆ ಒಂದ್ ಪಕ್ಕ ಸವೆದೋಯ್ತು ಕಣಮ್ಮಾ," ಎಂದು ತಾತ ನಗುತ್ತಿದ್ದ. "ಹಸು ತಿಂದಿದ್ದು ಕಮ್ಮಿ, ನೀನು ಗುದ್ದಿದ್ದು ಜಾಸ್ತಿ."

ಭಾನುವಾರ ಬಂದರೆ ಅಪ್ಪ ಅವಳನ್ನು ಮತ್ತೆ ಕಂಬದ ಹತ್ತಿರ ಕರೆಯುತ್ತಿದ್ದ. "ನಿಂತ್ಕೋ ಬಾ, ಸುಮ್ನೆ ಒಂದ್ ಅಳತೆ." ತಲೆಯ ಮೇಲೆ ಸ್ಕೇಲಿಟ್ಟು, ಗೆರೆ ಎಳೆದು, "ಹೂಂ," ಎನ್ನುತ್ತಿದ್ದ. ಮುಂದಿನ ಸೈಕಲ್ಲಿಗೆ ಈಗಲೇ ತಯಾರಿ ನಡೆದಿದೆ ಎಂದುಕೊಂಡು ಅನಿತ ಬೇಗ ಬೇಗ ಅಲ್ಲಿಂದ ಜಾರಿಕೊಳ್ಳುತ್ತಿದ್ದಳು.

ಶಾಲೆಯ ಕ್ರೀಡಾಕೂಟ ಬಂತು. ಪಿ.ಟಿ. ಮೇಷ್ಟ್ರು ಭೀಮರಾಜ್ ಸೈಕಲ್ ಇದ್ದವರ ಹೆಸರನ್ನೆಲ್ಲ ನಿಧಾನ ಸೈಕಲ್ ಓಟಕ್ಕೆ ಬರೆದುಕೊಂಡರು. ಎಲ್ಲರಿಗಿಂತ ನಿಧಾನವಾಗಿ ಬಂದು, ಕೊನೆಗೆ ಗೆರೆ ದಾಟಿದವರಿಗೆ ಬಹುಮಾನ. ನಡುವೆ ಕಾಲು ನೆಲಕ್ಕೆ ತಾಗಿದರೆ ಔಟ್. ಈ ಸುದ್ದಿ ಡೇರಿಯಲ್ಲಿ ಯಾರ ಬಾಯಿಂದಲೋ ಅಪ್ಪನ ಕಿವಿಗೆ ಬಿತ್ತು.

"ಶನಿವಾರ ನಾನೂ ಬರ್ತೀನಿ," ಎಂದ ಅಪ್ಪ. "ನನ್ ಫ್ರೇಮು ಹೆಂಗೆ ಓಡುತ್ತೆ ನೋಡ್ಬೇಕು."

ಅನಿತಳಿಗೆ ಅವತ್ತು ಊಟ ಸೇರಲಿಲ್ಲ. ಎಲ್ಲರ ಮುಂದೆ ತಾನು ಇಳಿಯಲಾಗದೆ ನಿಂತರೆ ಅಪ್ಪನ ಮರ್ಯಾದೆ ಏನಾಗಬೇಕು? ಡೇರಿಗೆ ಬರುವವರೆಲ್ಲ ಇನ್ನೊಂದು ವರ್ಷ ಇದನ್ನೇ ಆಡಿಕೊಂಡು ನಗುತ್ತಾರೆ.

"ಗೆರೆ ಹತ್ರ ನಾನಿರ್ತೀನಿ," ಎಂದು ವೆಂಕಟ್ ಧೈರ್ಯ ಹೇಳಿದ. "ಪೂರ್ತಿ ಕಡ್ಲೆಮಿಠಾಯಿ. ಹಲ್ಲಿನ ಗುರುತು ಇರ್ಬಾರ್ದು."

ಶನಿವಾರ ಅನಿತ ಧ್ವಜದ ಕಟ್ಟೆಯ ಪಕ್ಕದ ಸಾಲನ್ನೇ ಕೇಳಿ ಪಡೆದಳು. ಕಟ್ಟೆಯ ಮೇಲಿಂದ ಸೈಕಲ್ ಹತ್ತಿದಳು. ಮೇಷ್ಟ್ರು ಸೀಟಿ ಊದಿದರು.

ಐದು ಸೈಕಲ್ ಹೊರಟವು. ನಾಲ್ಕು ಮಾರು ಹೋಗುವುದರಲ್ಲಿ ಒಬ್ಬ ವಾಲಿದ, ಕಾಲು ಕೊಟ್ಟ, ಔಟ್. ಇನ್ನೊಬ್ಬಳು ಪಕ್ಕದವಳ ಮೇಲೆ ಬಿದ್ದಳು, ಇಬ್ಬರೂ ಔಟ್. ಅನಿತ ಮಾತ್ರ ಅಲ್ಲಾಡಲಿಲ್ಲ. ಕಾಲು ಊರಿಬಿಡೋಣ ಎಂಬ ಯೋಚನೆಯೇ ಅವಳಿಗೆ ಬರಲಿಲ್ಲ, ಊರಲು ನೆಲ ಸಿಕ್ಕರೆ ತಾನೇ! ದಿನಾ ವೆಂಕಟ್ ಬರುವುದು ತಡವಾದರೆ ಗೇಟಿನ ಮುಂದೆ ಆಮೆಯ ಹಾಗೆ ಸೈಕಲ್ ಬಿಟ್ಟು ಅವಳಿಗೆ ಅಭ್ಯಾಸವಾಗಿತ್ತು. ನಾಲ್ಕನೆಯವನು ಬೇಸತ್ತು ಗೆರೆ ದಾಟಿಯೇಬಿಟ್ಟ. ಅವನ ಹಿಂದೆ, ಸಾವಕಾಶವಾಗಿ, ಅನಿತ ದಾಟಿದಳು.

"ಫಸ್ಟ್! ಅನಿತ ಫಸ್ಟ್!"

ಹಗ್ಗದ ಆಚೆ ಅಪ್ಪ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದ. ಅನಿತ ವೆಂಕಟ್‌ಗಾಗಿ ಹುಡುಕಿದಳು. ಮೇಷ್ಟ್ರು ಅವನ ಕಿವಿ ಹಿಡಿದು, "ಹಗ್ಗದ ಒಳಗೆ ಏನ್ ಕೆಲಸಾನೋ ನಿಂಗೆ?" ಎಂದು ಆಚೆ ದಬ್ಬುತ್ತಿದ್ದರು.

ನಿಲ್ಲುವಂತಿಲ್ಲ. ಅನಿತ ಮೈದಾನಕ್ಕೆ ಒಂದು ಸುತ್ತು ಹೊಡೆದಳು. ಗೆದ್ದ ಖುಷಿಗೆ ಸುತ್ತುತ್ತಿದ್ದಾಳೆ ಎಂದುಕೊಂಡು ಎಲ್ಲರೂ ಕೇಕೆ ಹಾಕಿದರು. ಎರಡನೇ ಸುತ್ತಿಗೂ ಚಪ್ಪಾಳೆ ಬಂತು, ಸ್ವಲ್ಪ ಕಮ್ಮಿ. ಮೂರನೇ ಸುತ್ತಿನಲ್ಲಿ ಮೇಷ್ಟ್ರು ಕೂಗಿದರು. "ಸಾಕಮ್ಮಾ, ಇಳಿ! ಮುಂದಿನ ಆಟ ಆಡಿಸ್ಬೇಕು!"

"ಇಳೀತೀನಿ ಸಾರ್!" ಎಂದು ಅನಿತ ನಾಲ್ಕನೇ ಸುತ್ತಿಗೆ ಹೊರಟಳು. ಕಣ್ಣಲ್ಲಿ ನೀರು ತುಂಬಿ ದಾರಿ ಮಸುಕಾಗುತ್ತಿತ್ತು.

ಅಪ್ಪನ ಕೈ ಚಪ್ಪಾಳೆಯ ನಡುವೆಯೇ ನಿಂತಿತು. ಅವನು ಮಗಳ ಮುಖ ನೋಡಿದ, ಆಮೇಲೆ ಅವಳ ಕಾಲು ನೋಡಿದ. ಹಗ್ಗ ಹಾರಿ ಓಡಿ ಬಂದ. ಮುಂದಿನಿಂದ ಹ್ಯಾಂಡಲ್ ಹಿಡಿದು ಸೈಕಲ್ ನಿಲ್ಲಿಸಿದ, ಅವಳನ್ನು ಎತ್ತಿ ಕೆಳಗಿಳಿಸಿದ. ಅವಳ ಕೂದಲಿನಲ್ಲಿ ಉಳಿದಿದ್ದ ಒಂದು ಹುಲ್ಲಿನ ಕಡ್ಡಿಯನ್ನು ಮೆಲ್ಲಗೆ ತೆಗೆದ.

ಮಾರನೆಯ ದಿನ ಭಾನುವಾರ. ಕೊಟ್ಟಿಗೆಯಲ್ಲಿ ಹಸಿರು ಸೈಕಲ್ ತಲೆಕೆಳಗಾಗಿ ನಿಂತಿತ್ತು. ಚಕ್ರಗಳು ಆಗಲೇ ಬೇರೆಯಾಗಿದ್ದವು. ಅಪ್ಪ ಗರಗಸ ಹಿಡಿದಿದ್ದ.

"ಯಾಕಮ್ಮಾ ಹೇಳ್ಲಿಲ್ಲ?"

"ನೀನು ಅಷ್ಟೊಂದು ಖುಷಿಯಾಗಿದ್ದೆ," ಎಂದಳು ಅನಿತ. ದನಿ ಸಣ್ಣದಾಗಿತ್ತು.

ಅಪ್ಪ ಪೈಪಿಗೆ ಟೇಪು ಹಿಡಿದ. "ಆ ಸೀಮೆಸುಣ್ಣ ಕೊಡು," ಎಂದ. ಸೀಮೆಸುಣ್ಣ ಕಂಬದ ಬಿರುಕಿನಲ್ಲಿತ್ತು. ತೆಗೆದುಕೊಳ್ಳಲು ಹೋದ ಅನಿತ ಹಾಗೇ ನಿಂತಳು.

ಕಂಬದ ಮೇಲೆ ಅವಳ ತಲೆಯ ಎತ್ತರಕ್ಕೆ ಒಂದೇ ಒಂದು ಗೆರೆ ಇತ್ತು, ಆದರೆ ಬೆರಳಿನಷ್ಟು ದಪ್ಪಗಿತ್ತು. ಅದರ ಪಕ್ಕದಲ್ಲಿ ಅಪ್ಪನ ಡೇರಿ ಅಕ್ಷರದಲ್ಲಿ ಮೂರು ಭಾನುವಾರಗಳ ತಾರೀಕು. ಪ್ರತಿ ಸಲವೂ ಗೆರೆ ಹಳೆಯ ಗೆರೆಯ ಮೇಲೆಯೇ ಬಿದ್ದಿತ್ತು.

ಮುಂದಿನ ಸೈಕಲ್ಲಿಗೆ ಅಳತೆಯಲ್ಲ ಅದು. ಅವಳು ಬೆಳೆಯಲಿ ಎಂದು ಅಪ್ಪ ಕಾಯುತ್ತಿದ್ದ. ಚೈನಿಗೆ ಸಿಕ್ಕಿದ್ದ ಹುಲ್ಲು ನೋಡಿ ಅವನಿಗೂ ಅನುಮಾನ ಬಂದಿರಬೇಕು. ಕೇಳಲು ಅವನಿಗೂ ಬಾಯಿ ಬಂದಿರಲಿಲ್ಲ.

"ಸಿಗ್ಲಿಲ್ವಾ?" ಎಂದ ಅಪ್ಪ.

"ಸಿಕ್ತು," ಎಂದು ಅನಿತ ಸೀಮೆಸುಣ್ಣ ಕೊಟ್ಟಳು.

ಅಪ್ಪ ಗುರುತು ಹಾಕಿ ಗರಗಸ ಎಳೆದ. ಮೂರಿಂಚಿನ ಪೈಪಿನ ತುಂಡು ಠಣ್ ಎಂದು ನೆಲಕ್ಕೆ ಬಿತ್ತು. ಅನಿತ ಅದನ್ನು ಎತ್ತಿಕೊಂಡು ಕೇಳಿದಳು. "ಅಪ್ಪಾ, ನಾನು ಉದ್ದ ಆದ್ಮೇಲೆ ಇದನ್ನ ಮತ್ತೆ ಸೇರಿಸ್ತೀಯಾ?"

"ಯಾಕೆ ಸೇರಿಸ್ಬೇಕು? ಬೆಳೆದ್ರೆ ಸೀಟು ಮೇಲಕ್ಕೆ ಎತ್ತಿದ್ರೆ ಆ..."

ಅಪ್ಪ ನಾಲಿಗೆ ಕಚ್ಚಿಕೊಂಡ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮ ಸುನಂದ ಮೊರ ಕೆಳಗಿಟ್ಟು ನಗತೊಡಗಿದಳು. "ಊರಿಗೆಲ್ಲ ಸೀಟು ಏರಿಸಿ ಇಳಿಸಿ ಕೊಡೋರು! ಮನೆ ಸೈಕಲ್ಲಿಗೆ ಮಾತ್ರ ನೆನಪಾಗ್ಲಿಲ್ಲ ನೋಡಿ!"

"ಅಮ್ಮ ಹೇಳಿದ್ಲು..." ಎಂದು ಅಪ್ಪ ಪಕ್ಕದಲ್ಲೇ ಕೂತಿದ್ದ ಅಜ್ಜಿಯ ಕಡೆ ನೋಡಿದ.

"ನಾನು ಲಂಗದ ಥರ ಹೇಳ್ದೆ ಕಣೋ," ಎಂದಳು ಅಜ್ಜಿ. "ನಿಂಗೆ ಬುದ್ಧಿ ಬೇಡ್ವಾ?"

ಅಪ್ಪ ವೆಲ್ಡಿಂಗ್ ಶುರು ಮಾಡಿದ. ಗೋಡೆಯಾಚೆಯಿಂದ ಶ್ಯಾಮಲಮ್ಮ ಕೂಗಿದಳು. ಮೇಲಿನ ಪೈಪು ಇಳಿಜಾರಾಗಿ ಕೂತಿತು. ಸಂಜೆಯ ಹೊತ್ತಿಗೆ ಸೈಕಲ್ ಅಂಗಳಕ್ಕೆ ಬಂತು. ಹೆಸರಿನ ಪಕ್ಕದ ಎಲೆಕೋಸು ಅರ್ಧ ಸುಟ್ಟುಹೋಗಿತ್ತು.

ಅನಿತ ಯಾರ ಸಹಾಯವೂ ಇಲ್ಲದೆ ಹತ್ತಿ ಕೂತಳು. ಎರಡೂ ಪಾದ ನೆಲಕ್ಕೆ ಸಿಕ್ಕವು. ಅಂಗಳದಲ್ಲಿ ಒಂದು ಸುತ್ತು ಹೊಡೆದು, ಅಪ್ಪನ ಮುಂದೆ ಬಂದು, ತಾನೇ ನಿಲ್ಲಿಸಿದಳು.

"ಹೆಂಗಿದ್ಯಮ್ಮಾ?" ಎಂದು ಅಪ್ಪ ಕೇಳಿದ. ಅದೇ ಮುಖ, ಅದೇ ಕಣ್ಣು.

'ಸೂಪರ್' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಅಲ್ಲೇ ನುಂಗಿಕೊಂಡಳು.

"ಹ್ಯಾಂಡಲ್ ಒಂಚೂರು ಎಡಕ್ಕೆ ಎಳೆಯುತ್ತೆ ಅಪ್ಪಾ."

ಅಪ್ಪನ ಮುಖ ಅರಳಿತು. "ಹೌದಾ? ಎಲ್ಲಿ? ಎಷ್ಟು ಎಳೆಯುತ್ತೆ?" ಎನ್ನುತ್ತ ಸ್ಪ್ಯಾನರ್ ತರಲು ಕೊಟ್ಟಿಗೆಗೆ ಓಡಿದ.