ತಾವರೆಮಡುವಿನ ನೂರು ಕಂಬಳಿ

ಬಹಳ ಹಿಂದೆ, ಮೊಸಳೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಡಲಸಿರಿ ಎಂಬ ರಾಜ್ಯವಿತ್ತು. ಅಲ್ಲಿಂದ ಹೊರದೇಶಕ್ಕೆ ಹೋಗುವ ಪ್ರತಿ ಸರಕಿಗೂ ಅದು ಹುಟ್ಟಿದ ಊರು ಯಾವುದೆಂದು ಹೇಳುವ ಮೂಲಪತ್ರ ಬೇಕಿತ್ತು. ಪತ್ರವಿಲ್ಲದ ಸರಕನ್ನು ಬಂದರಿನಲ್ಲಿ ಮಲಗಿದ್ದ ಮುದಿ ಮೊಸಳೆ ನುಂಗಿಬಿಡುತ್ತಿತ್ತು.

ತಾವರೆಮಡು ಎಂಬ ಊರಿನ ದೇವೀರಿ ನೂರು ನೀಲಿ ಕಂಬಳಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದರಿಗೆ ಬಂದಳು. ಹಿಮದ್ವೀಪದಲ್ಲಿ ಮಕ್ಕಳು ಚಳಿಗೆ ಸಾಯುತ್ತಿವೆಯೆಂದು ಕೇಳಿ ಇಡೀ ಊರೇ ಕೂತು ನೇಯ್ದ ಕಂಬಳಿಗಳವು.

ಮೂಲಪತ್ರ ಬರೆದುಕೊಡುವ ಶಾನುಭೋಗ ತಿಮ್ಮರಸಯ್ಯ ರಾಜ್ಯದ ಕಡತವನ್ನೆಲ್ಲ ತಿರುವಿಹಾಕಿದರು. "ತಾವರೆಮಡು ಅಂತ ಊರೇ ಇಲ್ಲವಲ್ಲ ತಾಯಿ."

"ನಾನು ಅಲ್ಲಿಂದಲೇ ಬಂದಿದ್ದೀನಿ ಸ್ವಾಮಿ!"

"ಹಾಗಾದರೆ ಊರಿನ ಮಣ್ಣು ತಂದು ತೋರಿಸು."

ಧೂಮ್ರಾಂಗನೆಂಬ ಮಾಂತ್ರಿಕ ಆ ಊರಿನ ಹೆಸರನ್ನು ಕಡತದಿಂದ ನೆಕ್ಕಿ ತಿಂದಿದ್ದ. ಆ ಜಾಗದಲ್ಲಿ ತನ್ನ ಕೋಟೆಯ ಹೆಸರು ಬರೆದು, ಬೂದಿಯಿಂದ ನೇಯ್ದ ಕಂಬಳಿಗಳನ್ನು ಹಡಗಿಗೇರಿಸುತ್ತಿದ್ದ. ಇದು ಯಾರಿಗೂ ತಿಳಿಯದು.

ದೇವೀರಿ ಊರಿಗೆ ಓಡಿದಳು. ಮನೆಗಳ ಗೋಡೆಗಳು ಮಂಜಿನ ಹಾಗೆ ತೆಳುವಾಗಿದ್ದವು. ಹಿಡಿ ಮಣ್ಣು ತಂದಳು. ಶಾನುಭೋಗರ ಮುಂದೆ ಅದು ಬೂದಿಯಾಯಿತು.

"ನೀರು ತಾ" ಎಂದರು. ಮತ್ತೆ ಓಡಿದಳು. ಮಗ್ಗಗಳು ಆಡುತ್ತಿದ್ದವು, ಸದ್ದಿರಲಿಲ್ಲ. ಮಡುವಿನ ನೀರು ತಂದಳು. ಅದು ಹೊಗೆಯಾಗಿ ಹೋಯಿತು.

"ಆ ಊರಲ್ಲಿ ಹುಟ್ಟಿದ ಇನ್ನೊಬ್ಬರನ್ನು ಕರೆದುಕೊಂಡು ಬಾ. ಇದೇ ಕೊನೆ."

ದೇವೀರಿ ತನ್ನ ಮುದಿ ಅವ್ವನನ್ನು ಕೈಹಿಡಿದು ಕರೆತಂದಳು.

"ಅಜ್ಜಿ, ನಿಮ್ಮದು ಯಾವ ಊರು?" ಎಂದರು ಶಾನುಭೋಗರು.

ಅವ್ವ ದೇವೀರಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಯಾರಮ್ಮ ನೀನು?"

ದೇವೀರಿ ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ, ಗಾಡಿಯನ್ನು ಮೊಸಳೆಯ ಮುಂದೆ ತಂದು ನಿಲ್ಲಿಸಿ, ಎತ್ತು ಬಿಚ್ಚಿ, ಕಂಬಳಿಗಳ ಮೇಲೆ ಮಲಗಿದಳು.

"ಇವಕ್ಕೂ ಹುಟ್ಟೂರಿಲ್ಲವಂತೆ, ನನಗೂ ಇಲ್ಲವಂತೆ. ನುಂಗಿಬಿಡಪ್ಪ."

ಮೊಸಳೆ ಬಾಯಿ ತೆರೆಯಿತು. ಕಂಬಳಿಯ ವಾಸನೆ ಮೂಗಿಗೆ ಬಡಿದದ್ದೇ ಹಾಗೇ ನಿಂತಿತು.

"ನನಗೆ ಪತ್ರ ಓದಲು ಬಾರದು. ಆದರೆ ಈ ಕಂಬಳಿ ಅದ್ದಿ ತೊಳೆದ ನೀರು ಗೊತ್ತು. ನಾನು ಮೊಟ್ಟೆಯೊಡೆದು ಬಂದದ್ದು ಇದರ ದಂಡೆಯಲ್ಲೇ. ಇದು ತಾವರೆಮಡು!"

ಆ ಕೂಗಿಗೆ ಹೆಸರು ಕಡತದ ಹಾಳೆಗೆ ಮರಳಿತು. ಶಾನುಭೋಗರು ಮೂಲಪತ್ರಕ್ಕೆ ಮುದ್ರೆ ಒತ್ತಿದರು. ಸುಳ್ಳು ಬಯಲಾಗಿ ಕಿರುಚುತ್ತಾ ಬಂದ ಧೂಮ್ರಾಂಗನನ್ನು, "ನಿನ್ನ ಹುಟ್ಟೂರು ಯಾವುದಯ್ಯಾ?" ಎಂದು ಕೇಳಿದರು. ಅವನು ಮೊದಲು ತಿಂದದ್ದು ತನ್ನ ಊರಿನ ಹೆಸರನ್ನೇ. ಬಾಯಿ ತೆರೆದ, ಮಾತು ಬರಲಿಲ್ಲ. ನಿಂತಲ್ಲೇ ಬೂದಿಯಾಗಿ ಉದುರಿದ.

ಹಡಗು ಹೊರಟಿತು. ಕಟ್ಟೆಯ ಮೇಲಿದ್ದ ಅವ್ವ, "ದೇವೀರಿ, ಎಷ್ಟು ಸೊರಗಿದ್ದೀಯೇ!" ಎಂದಳು. ಅಷ್ಟು ದಿನ ಒಂದು ಹನಿ ಕಣ್ಣೀರೂ ಹಾಕದವಳು ಅವ್ವನ ಮಡಿಲಲ್ಲಿ ಮುಖವಿಟ್ಟು ಸಂಜೆಯವರೆಗೂ ಅತ್ತಳು. ಹಿಮದ್ವೀಪದ ಮಕ್ಕಳು ಆ ವರ್ಷ ಬೆಚ್ಚಗೆ ಮಲಗಿದವು. ತಾವರೆಮಡುವಿನವರು ಬಹುಕಾಲ ನೆಮ್ಮದಿಯಿಂದ ಬಾಳಿದರು.